ಹಳೆ ಮಾರುತಿ 800ಗೆ ಮನೆಯಲ್ಲೇ ಪೇಂಟ್: ಮೊದಲ ಸಲ ಕೈ ಹಾಕುವವರಿಗೆ

"ಕಾರಿಗೆ ಮನೆ ಅಂಗಳದಲ್ಲೇ ಪೇಂಟ್ ಹೊಡೆಯಬಹುದಾ? ಗ್ಯಾರೇಜಿನವರು ಕೇಳುವ ದುಡ್ಡು ಕಾರಿನ ಬೆಲೆಗಿಂತ ಜಾಸ್ತಿ ಇದೆ." ಈ ಪ್ರಶ್ನೆ ಎಷ್ಟು ಸಲ ಬಂದಿದೆ ಅಂದರೆ, ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಹೊಡೆಯಬಹುದು. ಆದರೆ ಒಂದು ವಿಷಯ ಮೊದಲೇ ತಲೆಯಲ್ಲಿರಲಿ. ಬಣ್ಣ ಹೊಡೆಯುವುದು ಈ ಕೆಲಸದ ಕೊನೆಯ ಎರಡು ದಿನ ಮಾತ್ರ. ಅದಕ್ಕೆ ಮುಂಚಿನ ಐದಾರು ವಾರ ಹೆಚ್ಚುಕಡಿಮೆ ಉಜ್ಜುವುದೇ. ಪೇಂಟ್ ಯಾವುದನ್ನೂ ಮುಚ್ಚುವುದಿಲ್ಲ, ಕೆಳಗಿರುವ ಏರುಪೇರನ್ನು ಹೊಳಪು ಕೊಟ್ಟು ಇನ್ನೂ ಎದ್ದು ಕಾಣಿಸುತ್ತದೆ. ಉಜ್ಜುವುದಕ್ಕೆ ತಾಳ್ಮೆ ಇದೆ ಅಂದರೆ ಮುಂದೆ ಓದಿ.

ಉದಾಹರಣೆಗೆ ಮಾರುತಿ 800 ತೆಗೆದುಕೊಂಡಿದ್ದೇನೆ. 1983ರಿಂದ 2014ರ ತನಕ ತಯಾರಾದ ಕಾರು, ನಮ್ಮಲ್ಲಿ ಎಷ್ಟೋ ಮನೆಗಳ ಶೆಡ್ಡಿನಲ್ಲಿ ಈಗಲೂ ನಿಂತಿದೆ. ಚಿಕ್ಕದು, ತಗಡಿನ ಭಾಗಗಳು ಸರಳ, ಬಾನೆಟ್ ಬಿಚ್ಚುವುದು ಸುಲಭ. ಕಲಿಯಲು ಇದಕ್ಕಿಂತ ಒಳ್ಳೆಯ ಕಾರು ನನಗೆ ಗೊತ್ತಿಲ್ಲ. ಪದ್ಮಿನಿ, ಅಂಬಾಸಿಡರ್, ಓಮ್ನಿ ಯಾವುದೇ ಇದ್ದರೂ ವಿಧಾನ ಇದೇ.

1. ಯಾವ ಬಣ್ಣ ಅಂತ ಮೊದಲು ತೀರ್ಮಾನ ಮಾಡಿ

ಆರ್‌ಸಿಯಲ್ಲಿ ಕಾರಿನ ಬಣ್ಣ ಬರೆದಿರುತ್ತದೆ. ಅದೇ ಬಣ್ಣ ಹೊಡೆದರೆ ಯಾವ ತಕರಾರೂ ಇಲ್ಲ. ಬೇರೆ ಬಣ್ಣ ಬೇಕಾದರೆ ಕೆಲಸ ಶುರು ಮಾಡುವ ಮುಂಚೆಯೇ ಆರ್‌ಟಿಒ ಕಚೇರಿಗೆ ಹೋಗಿ ಅನುಮತಿ ಕೇಳಿ, ಮುಗಿದ ಮೇಲೆ ಆರ್‌ಸಿಯಲ್ಲಿ ತಿದ್ದಿಸಿ, ವಿಮೆ ಕಂಪನಿಗೂ ತಿಳಿಸಿ. ಮಿಲಿಟರಿ ಗಾಡಿಗಳ ಆಲಿವ್ ಹಸಿರು ಬಣ್ಣ ಬೇಕು ಅಂತ ಜೀಪು, ಜಿಪ್ಸಿ ಇಟ್ಟುಕೊಂಡವರು ತುಂಬಾ ಜನ ಕೇಳುತ್ತಾರೆ. ಅದು ಆಗುವುದಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದ ಪ್ರಕಾರ ಆ ಬಣ್ಣ ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ.

ಇನ್ನೊಂದು ಮಾತು. ಮೊದಲ ಸಲಕ್ಕೆ ಮೆಟಾಲಿಕ್ ಬಣ್ಣ ಬೇಡ. ಮೆಟಾಲಿಕ್ ಅಂದರೆ ಒಳಗೆ ಅಲ್ಯೂಮಿನಿಯಂ ಚೂರುಗಳಿರುವ ಬಣ್ಣ. ಗನ್ನಿನ ದೂರ, ವೇಗ ಸ್ವಲ್ಪ ಹೆಚ್ಚುಕಡಿಮೆ ಆದರೂ ಆ ಚೂರುಗಳು ಒಂದೊಂದು ಕಡೆ ಒಂದೊಂದು ಥರ ಕೂತು, ಒಣಗಿದ ಮೇಲೆ ಮೋಡ ಕವಿದ ಹಾಗೆ ಕಾಣುತ್ತದೆ. ಅದರ ಮೇಲೆ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಹೊಳಪಿನ ಪದರ, ಬೇರೆ ಬೇಕು. ಬಿಳಿ, ಕೆಂಪು, ಕೆನೆ ಬಣ್ಣದಂಥ ಸಾಲಿಡ್ ಬಣ್ಣ ತಗೊಳ್ಳಿ. ಅದರಲ್ಲೂ ಬಿಳಿ ಬಣ್ಣ ತಪ್ಪುಗಳನ್ನು ತುಂಬಾ ಕ್ಷಮಿಸುತ್ತದೆ, ಕಪ್ಪು ಒಂದನ್ನೂ ಬಿಡುವುದಿಲ್ಲ.

2. ಎನ್‌ಸಿ ಅಥವಾ ಪಿಯು? ಇಲ್ಲಿ ನಿಮ್ಮ ಶ್ವಾಸಕೋಶದ ಪ್ರಶ್ನೆ ಇದೆ

ಅಂಗಡಿಗೆ ಹೋದರೆ ಎರಡು ಹೆಸರು ಕೇಳುತ್ತೀರಿ. ಎನ್‌ಸಿ ಅಂದರೆ ನೈಟ್ರೋಸೆಲ್ಯುಲೋಸ್ ಪೇಂಟ್. ಪೇಂಟನ್ನು ತೆಳು ಮಾಡಲು ಬೆರೆಸುವ ಥಿನ್ನರ್ ಹಾರಿಹೋದರೆ ಒಣಗಿತು, ಅಷ್ಟೇ. ಪಿಯು ಅಂದರೆ ಪಾಲಿಯುರೆಥೇನ್. ಗ್ಯಾರೇಜಿನಲ್ಲಿ ಇದನ್ನೇ ಟು-ಕೆ ಅಂತಲೂ ಕರೆಯುತ್ತಾರೆ. ಇದಕ್ಕೆ ಹಾರ್ಡನರ್ ಬೆರೆಸಬೇಕು, ಎರಡೂ ರಾಸಾಯನಿಕವಾಗಿ ಸೇರಿ ಗಟ್ಟಿಯಾಗುತ್ತವೆ. ಪಿಯು ಹೊಳಪು ಚೆನ್ನಾಗಿ ನಿಲ್ಲುತ್ತದೆ, ಪೆಟ್ರೋಲ್ ಬಿದ್ದರೂ ಜಗ್ಗುವುದಿಲ್ಲ. ಎನ್‌ಸಿ ಬಿಸಿಲಿಗೆ ಬೇಗ ಮಂಕಾಗುತ್ತದೆ, ಆಗಾಗ ಪಾಲಿಶ್ ಕೇಳುತ್ತದೆ.

ಹಾಗಾದರೆ ಪಿಯುನೇ ಹೊಡೆಯೋಣ ಅಲ್ವಾ ಅಂತ ಅನಿಸಬಹುದು. ನಿಲ್ಲಿ. ಪಿಯು ಹಾರ್ಡನರ್‌ನಲ್ಲಿ ಐಸೊಸೈನೇಟ್ ಎಂಬ ರಾಸಾಯನಿಕ ಇರುತ್ತದೆ. ಸ್ಪ್ರೇ ಮಾಡುವಾಗ ಅದು ಮಂಜಿನಂತೆ ಹರಡಿ ಎದೆಗೆ ಇಳಿಯುತ್ತದೆ. ಅದರಿಂದ ಬರುವ ಅಸ್ತಮಾ ಒಮ್ಮೆ ಅಂಟಿದರೆ, ಆಮೇಲೆ ಅದು ಒಂಚೂರು ತಾಗಿದರೂ ಉಸಿರು ಕಟ್ಟಬಹುದು. ಬಟ್ಟೆ ಮಾಸ್ಕ್, ಎನ್-95 ಯಾವುದೂ ಇದನ್ನು ತಡೆಯುವುದಿಲ್ಲ. ಐಸೊಸೈನೇಟ್‌ಗೆ ವಾಸನೆಯೇ ಇಲ್ಲದಂತೆ ಇರುವುದರಿಂದ, ಇದ್ದಿಲಿನ ಕಾರ್ಟ್ರಿಡ್ಜ್ ಇರುವ ಮಾಸ್ಕ್ ಹಾಕಿದ್ದರೂ ಕಾರ್ಟ್ರಿಡ್ಜ್ ಮುಗಿದದ್ದು ನಿಮಗೆ ಗೊತ್ತೇ ಆಗುವುದಿಲ್ಲ. ಇದಕ್ಕೆ ಸರಿಯಾದದ್ದು ಹೊರಗಿನಿಂದ ಪೈಪಿನಲ್ಲಿ ಶುದ್ಧ ಗಾಳಿ ಬರುವ ಮುಖವಾಡ. ಅದು ನಮ್ಮ ನಿಮ್ಮ ಮನೆಯಲ್ಲಿ ಇರುವುದಿಲ್ಲ.

ಹಾಗಾಗಿ ನನ್ನ ಸಲಹೆ ಎರಡೇ. ಪೂರ್ತಿ ಕೆಲಸ ಮನೆಯಲ್ಲೇ ಆಗಬೇಕು ಅಂದರೆ ಎನ್‌ಸಿ. ಪಿಯುನೇ ಬೇಕು ಅಂದರೆ ಪ್ರೈಮರ್ (ಬಣ್ಣದ ಕೆಳಗಿನ ಪದರ) ತನಕ ನೀವೇ ಮಾಡಿ, ಕೊನೆಯ ಬಣ್ಣವನ್ನು ಮಾತ್ರ ಸ್ಪ್ರೇ ಬೂತ್ (ಪೇಂಟ್ ಹೊಡೆಯಲೆಂದೇ ಇರುವ ಮುಚ್ಚಿದ ಕೋಣೆ) ಇರುವ ಕಡೆ ಹೊಡೆಸಿ. ಖರ್ಚಿನ ದೊಡ್ಡ ಪಾಲು ಉಜ್ಜುವ ಕೂಲಿಯೇ ಆದ್ದರಿಂದ ಹೀಗೂ ಸಾಕಷ್ಟು ಉಳಿಯುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಈ ಎರಡನೇ ದಾರಿಯೇ ಸರಿ. ಪಕ್ಕದ ಮನೆಯ ಮಗು ನಿಮ್ಮ ಥಿನ್ನರ್ ಆವಿಯನ್ನು ಉಸಿರಾಡುವ ಹಾಗೆ ಆಗಬಾರದು.

ಎನ್‌ಸಿ ಆದರೂ ಇದ್ದಿಲಿನ ಕಾರ್ಟ್ರಿಡ್ಜ್ ಮಾಸ್ಕ್, ಕನ್ನಡಕ, ನೈಟ್ರೈಲ್ ಗ್ಲೌಸ್ ಬೇಕೇ ಬೇಕು. ಗಡ್ಡ ಇದ್ದರೆ ಮಾಸ್ಕ್ ಮುಖಕ್ಕೆ ಕಚ್ಚಿ ಕೂರುವುದಿಲ್ಲ, ಸ್ಪ್ರೇ ಮಾಡುವ ದಿನಗಳಿಗೆ ಬೋಳಿಸಿ. ಇನ್ನು ಬೆಂಕಿ. ಥಿನ್ನರ್ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ದೂರ ಹೋಗುತ್ತದೆ. ಬಚ್ಚಲ ಒಲೆ, ಗ್ಯಾಸ್ ಒಲೆ, ದೇವರ ಮನೆಯ ದೀಪ, ತುಳಸಿಕಟ್ಟೆಯ ಹಣತೆ, ಇವು ಯಾವುದೂ ಆ ಹೊತ್ತಿನಲ್ಲಿ ಉರಿಯುತ್ತಿರಬಾರದು. ಬಾವಿ ಮೋಟಾರಿನ ಸ್ವಿಚ್ ಹತ್ತಿರ ಇದ್ದರೆ ಅದನ್ನೂ ಮುಟ್ಟಬೇಡಿ. ಮನೆಯವರಿಗೆ ಹಿಂದಿನ ದಿನವೇ ಹೇಳಿಡಿ.

3. ಜಾಗ, ಕಾಲ, ಸಾಮಾನು

ನವೆಂಬರ್ ಕೊನೆಯಿಂದ ಫೆಬ್ರುವರಿ ತನಕದ ಒಣ ಹವೆ ಒಳ್ಳೆಯದು. ಮಲೆನಾಡಿನವರು ಇಬ್ಬನಿ ಪೂರ್ತಿ ಆರಿ ಹತ್ತು ಗಂಟೆ ಆಗುವ ತನಕ ಕಾಯಿರಿ. ಏಪ್ರಿಲ್ ಬಿಸಿಲಲ್ಲಿ ಪೇಂಟ್ ತಗಡು ಮುಟ್ಟುವ ಮೊದಲೇ ಒಣಗಿ ಮರಳಿನಂತೆ ಕೂರುತ್ತದೆ. ಸಂಜೆ ಮಾತ್ರ ಬೇಡವೇ ಬೇಡ. ಲೈಟ್ ಹಾಕಿದಿರೋ, ಊರಿನ ಹುಳುಗಳೆಲ್ಲ ಹಸಿ ಪೇಂಟಿನ ಮೇಲೆ.

ಮೇಲೆ ಮಾಡು ಇದ್ದು ಎರಡು ಕಡೆ ಗಾಳಿಯಾಡುವ ಶೆಡ್ ಸಾಕು. ಪಕ್ಕಕ್ಕೆ ಪ್ಲಾಸ್ಟಿಕ್ ಹಾಳೆ ಕಟ್ಟಿ, ನೆಲವನ್ನು ಹಿಂದಿನ ದಿನವೇ ತೊಳೆದು ಬಿಡಿ.

ಕಂಪ್ರೆಸರ್ ಬಾಡಿಗೆಗೆ ಸಿಗುತ್ತದೆ. 2 ಎಚ್‌ಪಿ, 50 ಲೀಟರ್ ಟ್ಯಾಂಕ್ ಇದ್ದರೆ ಒಂದೊಂದೇ ಭಾಗ ಹೊಡೆಯಲು ಸಾಕು. ಗನ್ನಿನ ಹತ್ತಿರ ನೀರು ತಡೆಯುವ ಫಿಲ್ಟರ್ ಹಾಕಿಸಿ, ಟ್ಯಾಂಕಿನ ನೀರನ್ನು ದಿನಾ ಖಾಲಿ ಮಾಡಿ. ನಾಜಲ್ ಬಣ್ಣಕ್ಕೆ 1.4 ಮಿ.ಮೀ., ಪ್ರೈಮರ್‌ಗೆ 1.6 ರಿಂದ 1.8. ಎಮೆರಿ ಪೇಪರ್ 80, 180, 320, 400, 600, 800, 1500, 2000 ನಂಬರಿನವು. ನಂಬರ್ ಹೆಚ್ಚಾದಷ್ಟೂ ನಯ. ಜೊತೆಗೆ ಪೇಪರ್ ಸುತ್ತಿ ಉಜ್ಜಲು ರಬ್ಬರ್ ಬ್ಲಾಕ್, ತಗ್ಗು ತುಂಬಲು ಪಾಲಿಯೆಸ್ಟರ್ ಪುಟ್ಟಿ, ಬರಿ ತಗಡಿಗೆ ಹೊಡೆಯಲು ಎಪಾಕ್ಸಿ ಪ್ರೈಮರ್, ಸಣ್ಣ ಗೀರು ತುಂಬಲು ಸರ್ಫೇಸರ್, ಥಿನ್ನರ್, ಮಾಸ್ಕಿಂಗ್ ಟೇಪ್. ಮಾರುತಿ 800ರ ಹೊರಮೈಗೆ ಮಾತ್ರ ಆದರೆ ಬಣ್ಣ ಎರಡು ಲೀಟರ್ ಆಸುಪಾಸು ಬೇಕಾಗುತ್ತದೆ. ಅಷ್ಟನ್ನೂ ಒಂದೇ ಸಲ ಕಲೆಸಿಕೊಂಡು ತನ್ನಿ. ಅರ್ಧಕ್ಕೆ ಮುಗಿದು ಮತ್ತೆ ಕಲೆಸಿ ತಂದರೆ ಛಾಯೆ ಒಂದಿಷ್ಟಾದರೂ ಬೇರೆ ಬರುತ್ತದೆ.

4. ಬಿಚ್ಚಿ, ಆಮೇಲೆ ತೊಳೆಯಿರಿ

ಬಂಪರ್, ಲೈಟ್, ಹ್ಯಾಂಡಲ್, ಕನ್ನಡಿ, ವೈಪರ್, ಮಾನೋಗ್ರಾಮ್, ಬಾಗಿಲಿನ ಬೀಡಿಂಗ್ ಎಲ್ಲ ಬಿಚ್ಚಿ. ಟೇಪ್ ಸುತ್ತಿ ಹೊಡೆದರೆ ಅಂಚಿನಲ್ಲಿ ದಪ್ಪ ಗೆರೆ ನಿಂತು, ಆರು ತಿಂಗಳಿಗೆ ಅಲ್ಲಿಂದಲೇ ಪೇಂಟ್ ಏಳುತ್ತದೆ. ಸ್ಕ್ರೂಗಳನ್ನು ಬೇರೆ ಬೇರೆ ಪ್ಯಾಕೆಟ್ಟಿಗೆ ಹಾಕಿ ಹೆಸರು ಬರೆಯಿರಿ, ಬಿಚ್ಚುವ ಮುಂಚೆ ಫೋಟೋ ತೆಗೆಯಿರಿ.

ಉಜ್ಜುವುದಕ್ಕೂ ಮೊದಲು ಸೋಪು ನೀರು, ಅದಾದ ಮೇಲೆ ಥಿನ್ನರ್ ಅಲ್ಲ, ವ್ಯಾಕ್ಸ್ ತೆಗೆಯುವ ದ್ರಾವಣ. ಈ ಕ್ರಮ ಮುಖ್ಯ. ಮೊದಲೇ ಉಜ್ಜಿದರೆ ಮೇಲಿದ್ದ ಪಾಲಿಶ್, ಎಣ್ಣೆ ಎಲ್ಲ ಗೀರುಗಳ ಒಳಗೆ ಇಳಿದು ಕೂರುತ್ತದೆ. ನಾನು ಮೊದಲ ಸಲ ಹೊಡೆದ ಬಾನೆಟ್ಟಿನ ಮೇಲೆ ಕಾಸಗಲದ ಕುಳಿಗಳು ಎದ್ದಿದ್ದವು. ಕಾರಣ, ಪಕ್ಕದಲ್ಲೇ ಡ್ಯಾಶ್‌ಬೋರ್ಡ್‌ಗೆ ಹೊಳಪಿನ ಸ್ಪ್ರೇ ಹೊಡೆದಿದ್ದು. ಅದರಲ್ಲಿರುವ ಸಿಲಿಕೋನ್ ಗಾಳಿಯಲ್ಲಿ ತೇಲಿಬಂದು ಕೂತರೂ ಸಾಕು, ಪೇಂಟ್ ಅಲ್ಲಿಂದ ಸರಿದು ನಿಲ್ಲುತ್ತದೆ. ಗ್ಯಾರೇಜಿನವರು ಇದನ್ನು ಫಿಶ್ ಐ ಅನ್ನುತ್ತಾರೆ. ಕೆಲಸ ಮುಗಿಯುವ ತನಕ ಟೈರ್ ಪಾಲಿಶ್, ಡ್ಯಾಶ್‌ಬೋರ್ಡ್ ಪಾಲಿಶ್ ಶೆಡ್ಡಿನ ಹತ್ತಿರ ಸುಳಿಯದಿರಲಿ.

ಈಗ ಒಂದು ಪರೀಕ್ಷೆ. ಬಿಳಿ ಬಟ್ಟೆಗೆ ಎನ್‌ಸಿ ಥಿನ್ನರ್ ಹಾಕಿ ಕಾಣದ ಜಾಗದಲ್ಲಿ ಉಜ್ಜಿ. ಬಣ್ಣ ಬಟ್ಟೆಗೆ ಬಂದರೆ ಹಿಂದೆ ಯಾರೋ ಎನ್‌ಸಿ ಹೊಡೆದಿದ್ದಾರೆ. ಬರದಿದ್ದರೆ ಕಂಪನಿ ಪೇಂಟ್ ಅಥವಾ ಪಿಯು. ಪೇಂಟ್ ಸುಕ್ಕುಗಟ್ಟಿ ಎದ್ದರೆ ಅದು ಎನಾಮಲ್, ಅದರ ಮೇಲೆ ಎನ್‌ಸಿ ಹೊಡೆದರೆ ಪೂರ್ತಿ ಹೀಗೇ ಏಳುತ್ತದೆ. ಅಂಥ ಕಡೆ ತಗಡು ಕಾಣುವ ತನಕ ತೆಗೆಯಲೇಬೇಕು.

5. ತುಕ್ಕು

ಮಾರುತಿ 800ರಲ್ಲಿ ತುಕ್ಕು ಹಿಡಿಯುವ ಜಾಗ ಬಹುತೇಕ ಗೊತ್ತಿರುವವೇ. ಚಕ್ರದ ಮೇಲಿನ ಕಮಾನು, ಬಾಗಿಲಿನ ಕೆಳ ಅಂಚು, ಬಾಗಿಲ ಕೆಳಗಿನ ಪಟ್ಟಿ, ಬ್ಯಾಟರಿ ಕೂರುವ ತಟ್ಟೆ, ಮುಂದಿನ ಗಾಜಿನ ರಬ್ಬರ್ ಅಡಿ, ಕಾಲಿಡುವ ಮ್ಯಾಟಿನ ಕೆಳಗೆ. ಕರಾವಳಿಯ ಕಾರಾದರೆ ಇನ್ನೂ ಎರಡು ಪಟ್ಟು ಹುಡುಕಿ. ಒಂದು ಸಣ್ಣ ಆಯಸ್ಕಾಂತ ಇಟ್ಟುಕೊಳ್ಳಿ. ಅದು ಕಚ್ಚದ ಜಾಗದಲ್ಲಿ ಹಳೆ ಪುಟ್ಟಿ ತುಂಬಿದ್ದಾರೆ ಅಂತ ಅರ್ಥ, ಕೆಳಗೆ ಏನಿದೆಯೋ ಕೆತ್ತಿ ನೋಡಿ.

ತುಕ್ಕನ್ನು ಬೆಳ್ಳಗೆ ಹೊಳೆಯುವ ತಗಡು ಬರುವ ತನಕ ತೆಗೆಯಬೇಕು, ಮೇಲೆ ಮೇಲೆ ಉಜ್ಜಿ ಬಣ್ಣ ಹೊಡೆದರೆ ಮುಂದಿನ ಮಳೆಗಾಲಕ್ಕೆ ಗುಳ್ಳೆ ಏಳುತ್ತದೆ. ಸೂಜಿಮೊನೆಯಷ್ಟು ಕುಳಿಗಳಲ್ಲಿ ಉಳಿದಿದ್ದಕ್ಕೆ ಮಾತ್ರ ಫಾಸ್ಫಾರಿಕ್ ಆಮ್ಲದ ತುಕ್ಕುನಿವಾರಕ ಹಚ್ಚಿ, ಚೆನ್ನಾಗಿ ತೊಳೆದು ಒಣಗಿಸಿ. ಆಮ್ಲ ಉಳಿದರೆ ಎಪಾಕ್ಸಿ ಹಿಡಿಯುವುದಿಲ್ಲ. ತೂತು ಬಿದ್ದಿದ್ದರೆ ಪುಟ್ಟಿ ತುಂಬಿ ಮುಚ್ಚಬೇಡಿ. ತಗಡಿನ ಕೆಲಸ ಮಾಡುವ ಟಿಂಕರ್ ಹತ್ತಿರ ಹೋಗಿ ಆ ಭಾಗ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿ. ಬಾಗಿಲ ಅಡಿಯಲ್ಲಿ ನೀರು ಇಳಿಯುವ ಸಣ್ಣ ತೂತುಗಳಿವೆ, ಅವನ್ನು ಕಡ್ಡಿ ಹಾಕಿ ಬಿಡಿಸಿ. ಬಾಗಿಲು ಕೊಳೆಯುವುದಕ್ಕೆ ಅವು ಕಟ್ಟಿಕೊಳ್ಳುವುದೇ ಮೂಲ.

ತಗಡು ಬರಿದಾದ ದಿನವೇ ಎಪಾಕ್ಸಿ ಪ್ರೈಮರ್ ಹೊಡೆಯಿರಿ. ರಾತ್ರಿ ಕಳೆದರೆ ಬೆವರಿನ ಕೈಯಚ್ಚು ಕೂಡ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಹಾರ್ಡನರ್ ಡಬ್ಬಿಯ ಮೇಲೆ ಐಸೊಸೈನೇಟ್ ಅಂತ ಬರೆದಿಲ್ಲ ಅನ್ನುವುದನ್ನು ಕೊಳ್ಳುವಾಗಲೇ ಓದಿ ನೋಡಿ.

ಚಾಸಿ ನಂಬರ್ ಕೊರೆದ ಜಾಗವನ್ನು ಉಜ್ಜಬೇಡಿ, ಪುಟ್ಟಿಯನ್ನಂತೂ ತಾಗಿಸಲೇಬೇಡಿ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಿಸುವಾಗ ಆ ನಂಬರಿನ ಪೆನ್ಸಿಲ್ ಪ್ರಿಂಟ್ ಕೇಳುತ್ತಾರೆ. ಅಕ್ಷರ ಮೂಡದಿದ್ದರೆ ದೊಡ್ಡ ತಲೆನೋವು.

6. ಪುಟ್ಟಿ: ನಿಜವಾದ ಕೆಲಸ ಇಲ್ಲಿದೆ

ಡೆಂಟ್ ಇದ್ದರೆ ಮೊದಲು ಟಿಂಕರ್ ಕೈಯಲ್ಲಿ ಆದಷ್ಟು ಮೇಲೆ ಎತ್ತಿಸಿ. ಪುಟ್ಟಿ ಎರಡು ಮೂರು ಮಿ.ಮೀ. ಮೀರಬಾರದು. ಎಪಾಕ್ಸಿ ಒಣಗಿದ ಮೇಲೆ 180 ಪೇಪರಿನಲ್ಲಿ ಉಜ್ಜಿ, ಅದರ ಮೇಲೆ ಹಚ್ಚಿ.

ಸಣ್ಣ ನಿಂಬೆಹಣ್ಣಿನಷ್ಟು ಪುಟ್ಟಿಗೆ ನೆನೆಸಿದ ಕಡಲೆಕಾಳಿನಷ್ಟು ಹಾರ್ಡನರ್. ತೂಕದಲ್ಲಿ 100 ಗ್ರಾಂಗೆ ಎರಡು ಗ್ರಾಂ. ಬೇಗ ಗಟ್ಟಿಯಾಗಲಿ ಅಂತ ಜಾಸ್ತಿ ಹಾಕಿದರೆ ಸೂಜಿ ತೂತುಗಳು ಬರುತ್ತವೆ, ಬಿಳಿ ಬಣ್ಣದ ಕೆಳಗಿಂದ ಹಳದಿ ಕಲೆಯೂ ಎದ್ದು ಬರುತ್ತದೆ. ಗೆರೆ ಗೆರೆ ಕಾಣದೆ ಒಂದೇ ಬಣ್ಣಕ್ಕೆ ಬರುವ ತನಕ ಒತ್ತಿ ಒತ್ತಿ ಕಲೆಸಿ. ಚಪಾತಿ ಹಿಟ್ಟು ತಿರುವಿದ ಹಾಗೆ ತಿರುವಿದರೆ ಗಾಳಿ ಸೇರುತ್ತದೆ. ಕಲೆಸಿದ ಮೇಲೆ ನಿಮಗಿರುವುದು ಐದೇ ನಿಮಿಷ.

ಅರ್ಧ ಗಂಟೆ ಬಿಟ್ಟು ಬ್ಲಾಕಿಗೆ 80 ಪೇಪರ್ ಸುತ್ತಿ ಉಜ್ಜಿ, ಆಮೇಲೆ 180, 320. ಬರಿಗೈಯಲ್ಲಿ ಪೇಪರ್ ಹಿಡಿದು ಉಜ್ಜಬೇಡಿ, ಬೆರಳು ಬೆರಳಿನ ಗಾತ್ರದ ಕಾಲುವೆ ಬೀಳುತ್ತದೆ, ಹೊಳಪು ಬಂದ ಮೇಲೇ ಅದು ಕಾಣುವುದು. ಒಂದೇ ದಿಕ್ಕಿನಲ್ಲಿ ಉಜ್ಜದೆ ಓರೆಯಾಗಿ ಆ ಕಡೆಯಿಂದ ಒಮ್ಮೆ, ಈ ಕಡೆಯಿಂದ ಒಮ್ಮೆ ಬನ್ನಿ.

ಪುಟ್ಟಿಯನ್ನು ನೀರು ಹಾಕಿ ಉಜ್ಜುವುದು ನಮ್ಮ ಕಡೆ ಎಲ್ಲೆಲ್ಲೂ ನೋಡುತ್ತೇವೆ. ಧೂಳು ಏಳುವುದಿಲ್ಲ ಅನ್ನುವುದು ನಿಜ. ಆದರೆ ಪಾಲಿಯೆಸ್ಟರ್ ಪುಟ್ಟಿ ನೀರು ಕುಡಿಯುತ್ತದೆ, ಆ ನೀರು ತಗಡಿನ ತನಕ ಇಳಿದು ಒಳಗೇ ತುಕ್ಕು ಹುಟ್ಟಿಸುತ್ತದೆ. ಎನ್-95 ಮಾಸ್ಕ್ ಹಾಕಿಕೊಂಡು ಒಣದಾಗಿಯೇ ಉಜ್ಜಿ. ಹಳೆಯ ಪೇಂಟಿನಲ್ಲಿ ಸೀಸವೂ ಇರಬಹುದಾದ್ದರಿಂದ ಧೂಳು ಮನೆಯೊಳಗೆ ಹೋಗದಂತೆ ನೋಡಿಕೊಳ್ಳಿ.

ಸಮ ಆಯಿತೋ ಇಲ್ಲವೋ ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ, ಕೈಗೆ ಗೊತ್ತಾಗುತ್ತದೆ. ತೆಳು ಹತ್ತಿಬಟ್ಟೆಯ ಮೇಲೆ ಅಂಗೈ ಪೂರ್ತಿ ಊರಿ, ಕಣ್ಣು ಮುಚ್ಚಿ, ಪುಟ್ಟಿ ಇಲ್ಲದ ಜಾಗದಿಂದ ಶುರು ಮಾಡಿ ಪುಟ್ಟಿ ದಾಟಿ ಆಚೆ ತನಕ ನಿಧಾನ ಸರಿಸಿ. ಬಟ್ಟೆ ಜಾರುತ್ತಾ ಹೋಗುವಾಗ ಒಂದು ಕಡೆ ಅಂಗೈ ಒಂಚೂರು ಇಳಿದ ಹಾಗೆ ಅನಿಸುತ್ತದೆ. ಅಲ್ಲಿ ಪೆನ್ಸಿಲ್ ಗುರುತು ಮಾಡಿ ಇನ್ನೊಂದು ತೆಳು ಪದರ ಹಚ್ಚಿ. ಒಂದು ಬಾಗಿಲಿಗೆ ಮೂರು ನಾಲ್ಕು ಸುತ್ತು ಆದರೂ ಬೇಸರ ಬೇಡ. ಅದು ಸಹಜ.

7. ಸರ್ಫೇಸರ್

ಸರ್ಫೇಸರ್ ಅಂದರೆ ಸಣ್ಣ ಗೀರುಗಳನ್ನು ತುಂಬುವ ದಪ್ಪ ಪ್ರೈಮರ್. ಮನೆಯಲ್ಲಿ ಹೊಡೆಯುವವರು ಎನ್‌ಸಿ ಸರ್ಫೇಸರ್ ತಗೊಳ್ಳಿ, ಪಿಯು ಸರ್ಫೇಸರ್‌ನಲ್ಲೂ ಅದೇ ಐಸೊಸೈನೇಟ್ ಇರುತ್ತದೆ. ಉಜ್ಜುವಾಗ ತಗಡು ಕಂಡ ಜಾಗಕ್ಕೆ ಮತ್ತೆ ಎಪಾಕ್ಸಿ ಕೊಟ್ಟು, ಎರಡು ಮೂರು ಕೋಟ್ ಸರ್ಫೇಸರ್ ಹೊಡೆಯಿರಿ.

ಮಾರನೇ ದಿನ ಕಪ್ಪು ಸ್ಪ್ರೇ ಡಬ್ಬಿಯಿಂದ ದೂರ ನಿಂತು ತುಂತುರು ತುಂತುರಾಗಿ ಮೇಲೆ ಹಾರಿಸಿ. ಇದಕ್ಕೆ ಗೈಡ್ ಕೋಟ್ ಅನ್ನುತ್ತಾರೆ. ಈಗ ಬ್ಲಾಕ್ ಹಿಡಿದು 400ರಲ್ಲಿ ಉಜ್ಜಿ. ಎತ್ತರದ ಕಡೆ ಕಪ್ಪು ಚುಕ್ಕೆ ಮೊದಲು ಹೋಗುತ್ತದೆ, ತಗ್ಗಿನಲ್ಲಿ ಉಳಿಯುತ್ತದೆ. ಕಪ್ಪು ಎಲ್ಲ ಕಡೆ ಒಟ್ಟಿಗೆ ಮಾಯವಾದರೆ ನಿಮ್ಮ ಬಾಗಿಲು ನಿಜಕ್ಕೂ ಸಮ ಇದೆ. ಆಮೇಲೆ 600, ಕೊನೆಗೆ 800 ಪೇಪರಿನಲ್ಲಿ ನೀರು ಹಾಕಿ ನಯ ಮಾಡಿ. ಪುಟ್ಟಿ ಎಲ್ಲೂ ಹೊರಗೆ ಕಾಣುತ್ತಿರಬಾರದು.

ಕಾರನ್ನು ಸರ್ಫೇಸರಿನಲ್ಲೇ ತಿಂಗಳುಗಟ್ಟಲೆ ಓಡಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ಸ್ಪಂಜಿನಂತೆ ತೇವ ಎಳೆದುಕೊಳ್ಳುತ್ತದೆ, ಮಾಡಿದ ಕೆಲಸವೆಲ್ಲ ನೀರುಪಾಲು.

8. ಬಣ್ಣ ಹೊಡೆಯುವ ದಿನ

ಬಾನೆಟ್, ಡಿಕ್ಕಿ ಬಾಗಿಲು ಬಿಚ್ಚಿ ಬೇರೆಯಾಗಿ ಹೊಡೆಯಿರಿ. ಸಾಲಿಡ್ ಬಣ್ಣಕ್ಕೆ ಇದರಿಂದ ತೊಂದರೆ ಇಲ್ಲ. ಗಾಜುಗಳಿಗೆ ಬ್ರೌನ್ ಪೇಪರ್ ಹಚ್ಚಿ. ಪೇಪರ್ ಸಾಕು ಅಂತ ಹಳೆ ದಿನಪತ್ರಿಕೆ ಒಂದೇ ಹಾಳೆ ಹಾಕಿದರೆ ಥಿನ್ನರ್ ತೋಯಿಸಿ ಶಾಯಿ ಕೆಳಗೆ ಅಂಟುತ್ತದೆ. ವ್ಯಾಕ್ಸ್ ತೆಗೆಯುವ ದ್ರಾವಣದಿಂದ ಮತ್ತೊಮ್ಮೆ ಒರೆಸಿ, ಆಮೇಲೆ ಬರಿಗೈ ತಾಗಿಸಬೇಡಿ.

ಬಣ್ಣ ಎಷ್ಟು, ಥಿನ್ನರ್ ಎಷ್ಟು ಅನ್ನುವುದನ್ನು ಡಬ್ಬಿಯ ಮೇಲೆ ಬರೆದ ಪ್ರಕಾರವೇ ಬೆರೆಸಿ. ಎನ್‌ಸಿಗೆ ಸಾಮಾನ್ಯವಾಗಿ ಒಂದಕ್ಕೆ ಒಂದು, ಅಥವಾ ಥಿನ್ನರ್ ಸ್ವಲ್ಪ ಹೆಚ್ಚು. ಹಳೆ ನೈಲಾನ್ ಕಾಲುಚೀಲದಲ್ಲಿ ಸೋಸಿ. ಗಾಳಿಯ ಒತ್ತಡ ಗನ್ನಿನ ಹತ್ತಿರ ಎರಡರಿಂದ ಎರಡೂವರೆ ಬಾರ್. ಮೊದಲು ರಟ್ಟಿನ ಮೇಲೆ ಹೊಡೆದು ನೋಡಿ. ಉದ್ದನೆಯ, ಎರಡೂ ತುದಿ ಸಮ ಇರುವ ಗುರುತು ಬಂದರೆ ಸರಿ.

ಗನ್ ಆರೇಳು ಇಂಚು ದೂರ ಇರಲಿ. ಕಾರಿಗೆ ಸಮಾನಾಂತರವಾಗಿ ತೋಳನ್ನೇ ಸರಿಸಿ, ಮಣಿಕಟ್ಟು ತಿರುಗಿಸಬೇಡಿ. ತಿರುಗಿಸಿದರೆ ಮಧ್ಯ ದಪ್ಪ, ಕೊನೆ ತೆಳು. ಅಂಚಿಗೆ ಬರುವ ಮೊದಲೇ ಟ್ರಿಗರ್ ಒತ್ತಿ, ಅಂಚು ದಾಟಿದ ಮೇಲೆ ಬಿಡಿ. ಪ್ರತಿ ಸಾಲೂ ಹಿಂದಿನ ಸಾಲಿನ ಅರ್ಧ ಮುಚ್ಚಬೇಕು. ಮೊದಲು ಟಾಪ್, ಆಮೇಲೆ ಪಕ್ಕಗಳು.

ಮೊದಲ ಕೋಟ್ ತೆಳುವಾಗಿ. ಕೆಳಗಿನ ಬಣ್ಣ ಕಾಣುತ್ತಲೇ ಇರುತ್ತದೆ, ಈಗಲೇ ಮುಚ್ಚಿಬಿಡೋಣ ಅನ್ನುವ ಆಸೆಯೇ ಎಲ್ಲರನ್ನೂ ಕೆಡಿಸುವುದು. ಹತ್ತು ಹದಿನೈದು ನಿಮಿಷ ಬಿಟ್ಟು ಪಕ್ಕದ ಮಾಸ್ಕಿಂಗ್ ಟೇಪಿನ ಮೇಲೆ ಬಿದ್ದ ಪೇಂಟನ್ನು ಬೆರಳಲ್ಲಿ ಮುಟ್ಟಿ. ಎಳೆ ಬರದೆ ಬರೀ ಅಂಟಂಟು ಅನಿಸಿದರೆ ಮುಂದಿನ ಕೋಟ್. ಹೀಗೆ ಇನ್ನೂ ಮೂರು ನಾಲ್ಕು. ಹಸಿ ಪೇಂಟಿನಲ್ಲಿ ಟ್ಯೂಬ್‌ಲೈಟಿನ ನೆರಳು ಹೇಗೆ ಕಾಣುತ್ತದೆ ಅಂತ ನೋಡುತ್ತಾ ಹೋಗಿ. ಒಡೆದು ಕಂಡರೆ ಪೇಂಟ್ ಒಣ, ನೆಟ್ಟಗೆ ಕಂಡರೆ ಸರಿಯಾಗಿದೆ.

ಅರ್ಧಕ್ಕೆ ಕರೆಂಟ್ ಹೋದರೆ ಗಾಬರಿ ಬೇಡ. ಆ ಭಾಗ ಒಣಗಲಿ, 800 ಪೇಪರಿನಲ್ಲಿ ಉಜ್ಜಿ ಅದೊಂದನ್ನೇ ಮತ್ತೆ ಹೊಡೆಯಿರಿ. ಗನ್ ಮಾತ್ರ ತಕ್ಷಣ ತೊಳೆಯಿರಿ.

9. ಕೆಟ್ಟರೆ ಏನು ಮಾಡಬೇಕು

ಹಾಲು ಚೆಲ್ಲಿದ ಹಾಗೆ ಬೆಳ್ಳಗಾದರೆ ಅದು ತೇವ. ಥಿನ್ನರ್ ಬೇಗ ಆರಿ ಮೇಲ್ಮೈ ತಣ್ಣಗಾದಾಗ ಗಾಳಿಯ ನೀರು ಕೂರುತ್ತದೆ. ಬಿಸಿಲು ಬರುವ ತನಕ ನಿಲ್ಲಿಸಿ, ನಿಧಾನ ಆರುವ ರಿಟಾರ್ಡರ್ ಥಿನ್ನರ್ ಸ್ವಲ್ಪ ಬೆರೆಸಿ ಇನ್ನೊಂದು ತೆಳು ಕೋಟ್ ಕೊಡಿ. ಪೇಂಟ್ ಇಳಿದು ಹನಿಗಟ್ಟಿದರೆ ಹಸಿ ಇರುವಾಗ ಒರೆಸಲು ಹೋಗಬೇಡಿ, ಒಣಗಿದ ಮೇಲೆ ಬ್ಲಾಕಿನಲ್ಲಿ ತೆಗೆಯಬಹುದು. ಕಿತ್ತಳೆ ಸಿಪ್ಪೆಯ ಹಾಗೆ ತರಿತರಿ ಬಂದರೆ ಗನ್ ದೂರ ಆಗಿದೆ ಅಥವಾ ಪೇಂಟ್ ಗಟ್ಟಿಯಾಗಿದೆ, ಅದು ಪಾಲಿಶ್‌ನಲ್ಲಿ ಹೋಗುತ್ತದೆ. ಫಿಶ್ ಐ ಮತ್ತು ಸುಕ್ಕು ಮಾತ್ರ ಮೇಲೆ ಮೇಲೆ ಹೊಡೆದರೆ ಹೋಗುವುದಿಲ್ಲ, ಉಜ್ಜಿ ಕೆಳಗಿನಿಂದ ಬರಬೇಕು.

10. ಹೊಳಪು, ಜೋಡಣೆ

ಟೇಪನ್ನು ಕೊನೆಯ ಕೋಟ್ ಪೂರ್ತಿ ಗಟ್ಟಿಯಾಗುವ ಮೊದಲೇ, ಹಿಂದಕ್ಕೆ ಮಡಚಿ ನಿಧಾನ ಎಳೆಯಿರಿ. ಎನ್‌ಸಿ ಒಂದು ವಾರ ಒಣಗಲಿ. ಆಮೇಲೆ 1500, 2000 ಪೇಪರಿಗೆ ಸೋಪು ನೀರು ಹಾಕಿ ಉಜ್ಜಿ, ರಬ್ಬಿಂಗ್ ಕಂಪೌಂಡ್ ಹಚ್ಚಿ ಹೊಳಪು ತನ್ನಿ. ಅಂಚುಗಳಲ್ಲಿ, ಬಾಗಿಲಿನ ಗೆರೆಗಳಲ್ಲಿ ಪೇಂಟ್ ತೆಳು ಇರುತ್ತದೆ, ಎರಡೇ ಉಜ್ಜಿಗೆ ಪ್ರೈಮರ್ ಕಾಣುತ್ತದೆ. ಅಲ್ಲಿ ಟೇಪ್ ಹಚ್ಚಿ ಉಜ್ಜದೆ ಬಿಡಿ, ಕೊನೆಗೆ ಟೇಪ್ ತೆಗೆದು ಕೈಯಲ್ಲಿ ಮೆಲ್ಲಗೆ ಮಾಡಿ.

ವ್ಯಾಕ್ಸ್ ಒಂದು ತಿಂಗಳು ಬೇಡ. ಒಳಗಿನ ಥಿನ್ನರ್ ಇನ್ನೂ ಹೊರಗೆ ಹೋಗುತ್ತಿರುತ್ತದೆ. ಹಕ್ಕಿ ಹಿಕ್ಕೆ, ಹಲಸಿನ ಅಂಟು ಬಿದ್ದರೆ ಅವತ್ತೇ ತೊಳೆಯಿರಿ. ಪೆಟ್ರೋಲ್ ಹಾಕಿಸುವಾಗ ಮುಚ್ಚಳದ ಕೆಳಗೆ ಒಂದು ಬಟ್ಟೆ ಹಿಡಿಯಲು ಹೇಳಿ, ಎನ್‌ಸಿಗೆ ಪೆಟ್ರೋಲ್ ಕಲೆ ಬೇಗ ಆಗುತ್ತದೆ. ಉಳಿದ ಥಿನ್ನರನ್ನು ಚರಂಡಿಗೆ ಸುರಿಯದೆ ಮುಚ್ಚಳ ಬಿಗಿಯಾದ ತಗಡಿನ ಡಬ್ಬಿಯಲ್ಲಿ ಇಟ್ಟು ಗನ್ ತೊಳೆಯಲು ಬಳಸಿ. ಉಳಿದ ಬಣ್ಣವನ್ನು ಸಣ್ಣ ಗಾಜಿನ ಬಾಟಲಿಗೆ ಕುತ್ತಿಗೆ ತನಕ ತುಂಬಿಸಿ, ಬಣ್ಣದ ಕೋಡ್ ಮತ್ತು ತಾರೀಖು ಬರೆದು ತಂಪಾದ ಕಡೆ ಇಟ್ಟುಬಿಡಿ. ಮೊದಲ ಗೀರು ಬಿದ್ದ ದಿನ ಅದೇ ಬೇಕಾಗುತ್ತದೆ.